ಜೇನುಗಾರ ಕೊಂಡ ಚಾಕು

"ಬುದ್ಧಿ, ಇವೆರಡರಲ್ಲಿ ಯಾವುದನ್ನು ಒಯ್ಯಲಿ?" ಎಂದು ಕೇಳಿ ಚನ್ನಂಜ ಗುರುವಿನ ಮುಂದೆ ಎರಡು ಮಡಚುವ ಚಾಕುಗಳನ್ನು ಇಟ್ಟ.

ಮಾರನೆಯ ಬೆಳಿಗ್ಗೆ ಅವನು ಸಂಚಾರಕ್ಕೆ ಹೊರಡುವವನಿದ್ದ. ಬೆಟ್ಟದ ಆಚೆ, ಕಾಡುಜನರ ಹಾಡಿಗಳಲ್ಲಿ ಮೂರು ತಿಂಗಳ ತಿರುಗಾಟ. ಗುರುವಿನ ಮಠದಿಂದ ಹೊರಡುವವರು ಒಂದು ಜೋಳಿಗೆ, ಒಂದು ಕಂಬಳಿ, ಒಂದು ಚಾಕು ಬಿಟ್ಟು ಬೇರೇನೂ ಒಯ್ಯುವುದಿಲ್ಲ. ಹಣ್ಣು ಹೆಚ್ಚಲು, ಹಂಬು ಕೊಯ್ಯಲು, ಕಾಲಿಗೆ ಹೊಕ್ಕ ಮುಳ್ಳು ತೆಗೆಯಲು, ಎಲ್ಲಕ್ಕೂ ಅದೊಂದೇ ಚಾಕು. ಜೊತೆಗೆ ಹೊರಡುವವನು ಮರಿಮಾದಯ್ಯ. ಅವನು ಚನ್ನಂಜನಿಗಿಂತ ಇಪ್ಪತ್ತು ವರ್ಷ ಹಿರಿಯ. ಓದುಬರಹ ಬಾರದವನು. ಆದರೆ ಆನೆ ಯಾವ ದಾರಿಯಲ್ಲಿ ಇಳಿಯುತ್ತದೆ, ಯಾವ ಹಳ್ಳದ ನೀರನ್ನು ಕುಡಿಯಬಹುದು ಎಂಬುದನ್ನೆಲ್ಲ ಬಲ್ಲವನು. ಚನ್ನಂಜನಿಗೆ ಕಾಡು ಹೊಸದು. ಅವನು ಬಲ್ಲದ್ದು ಶಾಸ್ತ್ರ. ಅದನ್ನು ಚೆನ್ನಾಗಿಯೇ ಬಲ್ಲ; ತಾನು ಬಲ್ಲೆ ಎಂಬುದನ್ನು ಇನ್ನೂ ಚೆನ್ನಾಗಿ ಬಲ್ಲ.

ಅಂದು ಬೆಳಿಗ್ಗೆ ಭಕ್ತರು ಕೂಡಿದ್ದಾಗ ಮರಿಮಾದಯ್ಯ ಒಂದು ಪದ ಹಾಡಿದ. ನಡುವೆ ಒಂದು ಸಾಲು ತಪ್ಪಿತು. ಚನ್ನಂಜ ಅಲ್ಲಿಯೇ ತಡೆದು ತಿದ್ದಿದ. ತಿದ್ದಿ ಸುಮ್ಮನಾಗಿದ್ದರೆ ಆಗುತ್ತಿತ್ತು. ಕೋಣನ ಮುಂದೆ ಕಿನ್ನರಿ ಬಾರಿಸುವುದನ್ನು ಕೇಳಿದ್ದೆ, ಕೋಣವೇ ಕಿನ್ನರಿ ಹಿಡಿದದ್ದನ್ನು ಇವತ್ತು ನೋಡಿದೆ ಎಂದುಬಿಟ್ಟ. ಕೂತವರೆಲ್ಲ ನಕ್ಕರು. ಮರಿಮಾದಯ್ಯ ಹಾಡು ನಿಲ್ಲಿಸಿ, ಸೌದೆ ಒಡೆಯಲು ಹಿತ್ತಿಲಿಗೆ ಹೋದ. ಮಧ್ಯಾಹ್ನದ ಹೊತ್ತಿಗೆ ಚನ್ನಂಜನಿಗೆ ಅದು ಮರೆತೇ ಹೋಗಿತ್ತು. ಈಗ ಅವನ ಮನಸ್ಸೆಲ್ಲ ಚಾಕುಗಳ ಮೇಲೆ.

ಒಂದು ಚಾಕು ಹೊಸದು. ಬೆರಳು ತಾಕಿದರೆ ಸಾಕು, ಚಟ್ಟನೆ ತೆರೆಯುತ್ತಿತ್ತು. ಇನ್ನೊಂದು ಹಳೆಯದು, ಉಗುರು ಕೊಟ್ಟು ಎಳೆದರೂ ಗೊಣಗುತ್ತಿತ್ತು. ಹೊಸದನ್ನೇ ಒಯ್ಯುವುದೆಂದು ಅವನು ಆಗಲೇ ನಿಶ್ಚಯಿಸಿದ್ದ. ಗುರು ಹೂಂ ಎಂದರೆ ಮುಗಿಯಿತು.

ಗುರು ಹೂಂ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ಜೇನುಗಾರನಿದ್ದ. ಕಡಿದಾದ ಬಂಡೆಗಳಲ್ಲಿ ಹೆಜ್ಜೇನು ಕೀಳುವುದು ಅವನ ಕಸುಬು. ಬಂಡೆಯ ನೆತ್ತಿಯಿಂದ ಹಗ್ಗ ಇಳಿಬಿಟ್ಟು, ಅದನ್ನು ಸೊಂಟಕ್ಕೆ ಬಿಗಿದುಕೊಂಡು ನೇತಾಡುತ್ತ, ಹೊಗೆ ಹಾಕಿ ಜೇನುಹುಟ್ಟು ಕೊಯ್ಯಬೇಕು. ಮೇಲೆ ಹಗ್ಗ ಹಿಡಿಯುವ ಕೆಲಸವನ್ನು ಆ ಜನ ಕಂಡಕಂಡವರಿಗೆ ಕೊಡುವುದಿಲ್ಲ. ಒಡಹುಟ್ಟಿದ ಅಣ್ಣತಮ್ಮಂದಿರಿಗೂ ಕೊಡುವುದಿಲ್ಲ. ಹೆಂಡತಿಯ ತಮ್ಮನಿಗೆ ಕೊಡುತ್ತಾರೆ. ಅಣ್ಣತಮ್ಮಂದಿರಿಗೆ ಪಾಲಿನ ಆಸೆ ಹುಟ್ಟೀತು. ಅಕ್ಕನ ತಾಳಿ ಹರಿಯಲೆಂದು ಯಾವ ತಮ್ಮನೂ ಬಯಸುವುದಿಲ್ಲ. ಈ ಜೇನುಗಾರನ ಹಗ್ಗವನ್ನು ಹತ್ತು ವರ್ಷದಿಂದ ಅವನ ಭಾವಮೈದನೇ ಹಿಡಿಯುತ್ತಿದ್ದ. ಅಷ್ಟು ವರ್ಷದಲ್ಲಿ ಒಂದು ಗೇಣು ಜಾರಿಸಿದವನಲ್ಲ.

ಒಂದು ವರ್ಷ ಜೇನುಗಾರನ ಚಾಕು ಮಸೆದು ಮಸೆದು ಕಡ್ಡಿಯಂತಾಯಿತು. ಹೊಸದು ಕೊಳ್ಳಲು ಇಬ್ಬರೂ ಸಂತೆಗೆ ಇಳಿದರು. ಅಲ್ಲಿ ಒಬ್ಬ ಕಮ್ಮಾರ ಗೋಣಿಚೀಲದ ಮೇಲೆ ಚಾಕುಗಳನ್ನು ಹರಡಿದ್ದ. ಜೇನುಗಾರ ಒಂದೊಂದನ್ನೇ ಎತ್ತಿ ಮುಂಗೈ ಕೂದಲ ಮೇಲೆ ಎಳೆದು ನೋಡಿದ. ಒಂದು ಚಾಕು ಕೂದಲನ್ನು ಕ್ಷೌರದ ಕತ್ತಿಯಂತೆ ನಯವಾಗಿ ತೆಗೆಯಿತು. ಹೆಬ್ಬೆರಳಿನಲ್ಲಿ ತುಸು ತಳ್ಳಿದರೆ ತೆರೆಯುತ್ತಿತ್ತು. ಒಂದು ಕೈ ಹಗ್ಗದ ಮೇಲೆ ಇರುವವನಿಗೆ ಇದಕ್ಕಿಂತ ಬೇಕೆ ಎಂದು ಅವನು ಹಿಗ್ಗಿದ. ಭಾವಮೈದ ಅದನ್ನು ಇಸಿದುಕೊಂಡು ಎರಡು ಸಲ ತೆರೆದು ಮಡಚಿದ. ಮಡಚಿದಾಗ ಹಿಡಿತವಿಲ್ಲ, ತುಸು ಬಿಗಿಯಾದದ್ದನ್ನು ನೋಡೋಣ ಎಂದ. ಹಗ್ಗ ಹಿಡಿಯುವವನಿಗೆ ಚಾಕಿನ ಗೊಡವೆ ಏಕೆ ಎಂದು ಜೇನುಗಾರ ನಕ್ಕುಬಿಟ್ಟ.

ಚಾಕು ಚೆನ್ನಾಗಿ ದುಡಿಯಿತು. ಬಿದಿರು ಸೀಳಿತು, ಗೆಣಸು ಹೆರೆಯಿತು, ಹಂಬು ಕೊಯ್ಯಿತು. ಹಾಡಿಯವರೆಲ್ಲ ಅದನ್ನು ಕೈಯಿಂದ ಕೈಗೆ ದಾಟಿಸಿ ಹೊಗಳಿದರು. ಜೇನುಗಾರ ಭಾವಮೈದನ ಕಡೆ ನೋಡಿ ಮೀಸೆ ತಿರುವಿದ.

ಜೇನು ಕೀಳುವ ಕಾಲ ಬಂತು. ಜೇನುಗಾರ ಚಾಕನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂಡೆ ಇಳಿದ. ಬಂಡೆಗೆ ಕಾಲು ಒದ್ದು ತೂಗುತ್ತ ಹುಟ್ಟಿನ ಕಡೆ ಸಾಗುವಾಗ ಚಾಕು ಸೊಂಟದಲ್ಲಿ ತಾನಾಗಿ ತೆರೆದುಕೊಂಡಿತು. ಅವನಿಗೆ ಅದು ತಿಳಿಯಲಿಲ್ಲ. ಅಲಗೇನೋ ಒಳ್ಳೆಯ ಅಲಗು. ತಾಕಿದ್ದನ್ನು ಕೊಯ್ಯುವುದು ಅದಕ್ಕೆ ಗೊತ್ತು. ಅಲ್ಲಿ ತಾಕಿದ್ದು ಹಗ್ಗ. ತೂಗಿದಷ್ಟು ಸಲವೂ ತುಸು ತುಸುವೇ ಕೊಯ್ಯುತ್ತ ಹೋಯಿತು. ಮೇಲಿದ್ದ ಭಾವಮೈದನ ಅಂಗೈಗೆ ಹಗ್ಗದಿಂದ ಒಂದು ನಡುಕ ಬಂತು. ಅಂಥದು ಹತ್ತು ವರ್ಷದಲ್ಲಿ ಬಂದಿರಲಿಲ್ಲ. ಅವನು ಏನು ಎತ್ತ ಎಂದು ಕೇಳುತ್ತ ನಿಲ್ಲದೆ ಬಲವೆಲ್ಲ ಹಾಕಿ ಮೇಲಕ್ಕೆಳೆದ. ಜೇನುಗಾರ ನೆತ್ತಿಗೆ ಬಂದು ಬಿದ್ದಾಗ ಹಗ್ಗದ ಮೂರು ಪುರಿಗಳಲ್ಲಿ ಎರಡು ತುಂಡಾಗಿದ್ದವು.

ಬದುಕಿದೆನಲ್ಲ ಎಂದು ಜೇನುಗಾರ ನಗಲು ನೋಡಿದ. ಭಾವಮೈದ ನಗಲಿಲ್ಲ.

"ಬಾವ, ಹಗ್ಗ ಹರಿದಿದ್ರೆ ನೀನು ಸತ್ತು ಪಾರಾಯ್ತಿದ್ದೆ. ನಾನು ತುಂಡು ಹಗ್ಗ ಹಿಡ್ಕಂಡು ಅಕ್ಕನ ಮುಂದೆ ನಿಲ್ಲಬೇಕಾಗಿತ್ತು. ಕೈ ಬಿಟ್ಟೋನು ಅಂತ ಊರು ಅನ್ನಾದು ನನ್ನ, ನಿನ್ನ ಚಾಕನ್ನಲ್ಲ."

ಅಷ್ಟು ಹೇಳಿ ಹಗ್ಗವನ್ನು ಅಲ್ಲೇ ಇಟ್ಟು ಬೆಟ್ಟ ಇಳಿದುಹೋದ.

ಜೇನುಗಾರ ಹೊಸ ಹಗ್ಗ ಹೊಸೆದ. ಎಂಟು ದಿನದಲ್ಲಿ ಹಗ್ಗ ಸಿದ್ಧವಾಯಿತು, ಹಿಡಿಯುವ ಕೈ ಬರಲಿಲ್ಲ. ಬೇರೆಯವರು ಹಿಡಿಯುತ್ತೇವೆಂದು ಬಂದರು. ಬಂಡೆಯ ಅಂಚಿನಲ್ಲಿ ನಿಂತು ಕೆಳಗೆ ನೋಡಿದಾಗ, ಅವರನ್ನು ನಂಬಿ ಇಳಿಯಲು ಅವನಿಗೆ ಧೈರ್ಯ ಸಾಲಲಿಲ್ಲ. ಆ ವರ್ಷದ ಜೇನೆಲ್ಲ ಬಂಡೆಯಲ್ಲೇ ಉಳಿಯಿತು. ಮನೆಯಲ್ಲಿ ಹೆಂಡತಿ ಗಂಡನನ್ನು ಬೈಯಲಿಲ್ಲ, ತಮ್ಮನನ್ನು ಕರೆಯಲೂ ಇಲ್ಲ; ಮಾತೇ ಆಡದೆ ಉಣ್ಣಲು ಇಕ್ಕಿದಳು. ಜೇನು ಹೋದದ್ದಕ್ಕಿಂತ ಅದು ಅವನಿಗೆ ಹೆಚ್ಚು ನೋವು ತಂದಿತು.

ಮರುವರ್ಷ ಅವನು ಒಬ್ಬನೇ ಸಂತೆಗೆ ಹೋದ. ಈ ಸಲ ಮುಂಗೈ ಕೂದಲ ತಂಟೆಗೆ ಹೋಗಲಿಲ್ಲ. ಚಾಕನ್ನು ಮಡಚಿ, ತಲೆಕೆಳಗಾಗಿ ಹಿಡಿದು ಕೊಡವಿದ. ತೊಡೆಗೆ ಬಡಿದ. ಸೊಂಟಕ್ಕೆ ಸಿಕ್ಕಿಸಿಕೊಂಡು ಸಂತೆಯ ನಡುವೆ ಕುಪ್ಪಳಿಸಿದ. ಮಾರುವವರೂ ಕೊಳ್ಳುವವರೂ ಕೆಲಸ ಬಿಟ್ಟು ನೋಡಿದರು. ಮೈಮೇಲೆ ದೇವರು ಬಂದಿರಬೇಕೆಂದು ಒಬ್ಬ ಮುದುಕಿ ಕೈ ಮುಗಿದಳು. ಹೀಗೆ ಆರು ಚಾಕುಗಳನ್ನು ಕುಣಿಸಿದ. ಐದು ಬಾಯಿ ಬಿಟ್ಟವು, ಆರನೆಯದು ಬಿಡಲಿಲ್ಲ. ಅದರ ಹಿಡಿಗೆ ಹೊಳಪಿರಲಿಲ್ಲ, ಅಲಗು ದಪ್ಪ, ತೆರೆಯಲು ಹೋದರೆ ಉಗುರು ನೋಯುತ್ತಿತ್ತು. ಅವನು ಅದನ್ನೇ ಎತ್ತಿಕೊಂಡ.

ತನ್ನ ಒಳ್ಳೆಯ ಚಾಕುಗಳಿಗೆಲ್ಲ ಅವಮಾನ ಮಾಡಿದನೆಂದು ಕಮ್ಮಾರನಿಗೆ ಸಿಟ್ಟು ಬಂತು. "ಅಲ್ಲಯ್ಯ, ಚಾಕು ತಕ್ಕಳಾದು ಕುಯ್ಯಕ್ಕೋ, ಮಡಚಿಡಕ್ಕೋ?" ಎಂದು ಕೇಳಿದ.

"ಕುಯ್ಯಾದು ಎಲ್ಲ ಚಾಕಿಗೂ ಬತ್ತದೆ," ಎಂದ ಜೇನುಗಾರ. "ಹಗ್ಗದಲ್ಲಿ ನೇತಾಡೋನು ಸುಮ್ಮನಿರಕ್ಕೆ ಬರೋ ಚಾಕ ನೋಡಬೇಕು."

ಅವನು ಅಲ್ಲಿಂದ ನೆಟ್ಟಗೆ ಭಾವಮೈದನ ಮನೆಗೆ ಹೋಗಿ ಚಾಕನ್ನು ಅವನ ಕೈಯಲ್ಲಿಟ್ಟ. ತಪ್ಪಾಯಿತು ಎಂದ. ಭಾವಮೈದ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಜಗಲಿ ಹತ್ತಿ ಮೂರು ಸಲ ಕೆಳಗೆ ಧುಮುಕಿದ. ಚಾಕು ಮಿಸುಕಲಿಲ್ಲ. ಹಗ್ಗ ಎಲ್ಲಿದೆ ಎಂದು ಮಾತ್ರ ಕೇಳಿದ. ಆ ವರ್ಷ ಬಂಡೆಯಿಂದ ಎರಡು ವರ್ಷಕ್ಕಾಗುವಷ್ಟು ಜೇನು ಇಳಿಯಿತು. ಚಾಕು ಮೊಂಡಾದಾಗಲೆಲ್ಲ ಜೇನುಗಾರ ಅದನ್ನು ಕಲ್ಲಿಗೆ ಮಸೆದ. ಹರಿತ ಕಲ್ಲಿನಿಂದ ಬರುತ್ತದೆ, ಹಿಡಿತ ಬರುವುದಿಲ್ಲ. ಬಿದಿರು ಸೀಳಿದ್ದು ಅದರಲ್ಲೇ, ಗೆಣಸು ಹೆರೆದದ್ದು ಅದರಲ್ಲೇ, ಮಗಳು ಹುಟ್ಟಿದಾಗ ಹೊಕ್ಕುಳಬಳ್ಳಿ ಕೊಯ್ದದ್ದೂ ಅದರಲ್ಲೇ. ಬದುಕಿರುವ ತನಕ ಅವನು ಬೇರೆ ಚಾಕು ಕೊಳ್ಳಲಿಲ್ಲ.

ಗುರು ಕತೆ ನಿಲ್ಲಿಸಿದರು.

ಚನ್ನಂಜ ಸೂಕ್ಷ್ಮಬುದ್ಧಿಯವನು. ಕತೆಯ ಸಾರ ತನಗೆ ದಕ್ಕಿತೆಂದು ಅವನ ಮುಖವೇ ಹೇಳುತ್ತಿತ್ತು. ಹೊಸ ಚಾಕನ್ನು ಪಕ್ಕಕ್ಕೆ ಸರಿಸಿ, ಹಳೆಯದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ಎದ್ದು ನಿಂತು ಎರಡು ಸಲ ಕುಪ್ಪಳಿಸಿಯೂ ನೋಡಿದ. ಚಾಕು ತೆರೆಯಲಿಲ್ಲ. ತಿಳಿಯಿತು ಬುದ್ಧಿ, ಇನ್ನು ಕಾಡಿನಲ್ಲಿ ನನಗೆ ಯಾವ ಭಯವೂ ಇಲ್ಲ ಎಂದು ಕೈ ಮುಗಿದ.

ಹಿತ್ತಿಲಿನಲ್ಲಿ ಸೌದೆ ಒಡೆಯುವ ಸದ್ದು ಇನ್ನೂ ಕೇಳುತ್ತಿತ್ತು. ಮಠಕ್ಕೆ ಒಂದು ತಿಂಗಳಿಗೆ ಸಾಕಾಗುವಷ್ಟು ಸೌದೆ ಆಗಲೇ ಬಿದ್ದಿತ್ತು. ಗುರು ಆ ಕಡೆಗೆ ಒಮ್ಮೆ ನೋಡಿದರು.

"ನಿನ್ನ ಹಗ್ಗ ಹಿಡಿಯಬೇಕಾದವನು ಬೆಳಗಿನಿಂದ ಉಂಡಿಲ್ಲ, ಚನ್ನಂಜ."

ಚನ್ನಂಜ ಹಿತ್ತಿಲಿನ ಕಡೆಗೆ ನಡೆದ.