ಪರದೆಯ ತಂತಿ ಕಿತ್ತಿಟ್ಟವಳು

"ಗುರುಗಳೇ, ಎಲ್ಲಕ್ಕಿಂತ ಒಳ್ಳೆಯ ಲಿನಕ್ಸ್ ಯಾವುದು? ಹೊಸ ಆವೃತ್ತಿ ಬಂದ ತಕ್ಷಣ ಹಾಕಬೇಕೋ, ಸ್ವಲ್ಪ ಕಾಯಬೇಕೋ?"

ಕೇಳಿದವನು ಪಾಲಾಕ್ಷ. ಹಾಲಪ್ಪನವರ ಹತ್ತಿರ ಎರಡು ವರ್ಷದಿಂದ ಕಂಪ್ಯೂಟರ್ ಕೆಲಸ ಕಲಿಯುತ್ತಿದ್ದ. ಊರ ಗ್ರಂಥಾಲಯದ ಹಳೆಯ ಕಂಪ್ಯೂಟರಿಗೆ ಲಿನಕ್ಸ್, ಅಂದರೆ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ, ಹಾಕಿಕೊಡುವ ಕೆಲಸವನ್ನು ಅವರು ಮೊದಲ ಸಲ ಅವನೊಬ್ಬನಿಗೇ ಒಪ್ಪಿಸಿದ್ದರು. ಅವನು ಉಬುಂಟು, ಡೆಬಿಯನ್, ಫೆಡೋರಾ, ಮಿಂಟ್ ಎಂಬ ಅದರ ಬಗೆಗಳೆಲ್ಲವನ್ನೂ ಪೆನ್ ಡ್ರೈವುಗಳಿಗೆ ತುಂಬಿಕೊಂಡು ಮೂರು ಸಲ ಅಲ್ಲಿಗೆ ಹೋಗಿ ಬಂದಿದ್ದ. ಯಾವುದು ಎಷ್ಟು ಬೇಗ ಶುರುವಾಗುತ್ತದೆ, ಯಾವುದಕ್ಕೆ ಎಷ್ಟು ಮೆಮೊರಿ ಬೇಕು ಎಂದು ನಾಲ್ಕು ಹಾಳೆ ಪಟ್ಟಿ ಬರೆದಿದ್ದ. ತೀರ್ಮಾನ ಮಾತ್ರ ಆಗಿರಲಿಲ್ಲ.

ಹಾಲಪ್ಪನವರು ಹಾಳೆಗಳನ್ನು ತಿರುವಿ ನೋಡಿದರು. ಹೆಣ್ಣು ನೋಡಲು ಹೋದವರೂ ಇಷ್ಟು ವಿಚಾರಿಸುವುದಿಲ್ಲವಲ್ಲಯ್ಯಾ ಎಂದು ನಕ್ಕರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಮೇಷ್ಟ್ರು ಇದ್ದರು. ಅವರಿಗೆ ಹುಟ್ಟಿನಿಂದಲೇ ಕಣ್ಣು ಕಾಣುತ್ತಿರಲಿಲ್ಲ. ಅಂಧ ಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಅವರ ಮನೆಯಲ್ಲಿ ಮಾತಾಡುವ ಕಂಪ್ಯೂಟರ್ ಇತ್ತು. ಅದೇನು ಮಾಯಮಂತ್ರವಲ್ಲಪ್ಪ, ಪರದೆಯ ಮೇಲೆ ಬಂದದ್ದನ್ನು ಓದಿ ಹೇಳುವ ಒಂದು ತಂತ್ರಾಂಶ. ಮೇಷ್ಟ್ರು ಕಿವಿಯಲ್ಲಿ ಕೇಳುತ್ತಾ ಬೆರಳಿನಲ್ಲಿ ಒತ್ತುತ್ತಾ ಬರೆಯುತ್ತಿದ್ದರು. ಹಾಗೆ ಬರೆದೇ ಒಂದು ಭೂಗೋಳದ ಪುಸ್ತಕ ಮುಗಿಯುವ ಹಂತಕ್ಕೆ ಬಂದಿತ್ತು. ನದಿ ಎಲ್ಲಿ ಹುಟ್ಟಿ ಎಲ್ಲಿ ತಿರುಗುತ್ತದೆ, ಬೆಟ್ಟ ಎಲ್ಲಿ ಏರುತ್ತದೆ ಎನ್ನುವುದನ್ನು ಕಾಣದ ಮಕ್ಕಳಿಗೆ ತಿಳಿಯುವ ಹಾಗೆ ಹೇಳುವ ಪುಸ್ತಕ. ಅಂಥದ್ದು ಆ ಶಾಲೆಯಲ್ಲಿ ಅದುವರೆಗೂ ಇರಲಿಲ್ಲ. ಬ್ರೈಲ್ ಮುದ್ರಣದವರು ಯುಗಾದಿಯೊಳಗೆ ಕೊಡಿ ಎಂದಿದ್ದರು. ತಪ್ಪಿದರೆ ಮಕ್ಕಳು ಇನ್ನೊಂದು ವರ್ಷ ಪುಸ್ತಕವಿಲ್ಲದೆ ಕೂರಬೇಕು.

ಅದೇ ಊರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಒಬ್ಬಳು ಇದ್ದಳು. ಕೈ ಬಹಳ ಚುರುಕು. ಮೇಷ್ಟ್ರ ಕಂಪ್ಯೂಟರನ್ನು ಅವಳೇ ನೋಡಿಕೊಳ್ಳುತ್ತಿದ್ದಳು, ಬಿಡಿಗಾಸು ಮುಟ್ಟುತ್ತಿರಲಿಲ್ಲ. ಅದರಲ್ಲಿದ್ದ ಲಿನಕ್ಸ್ ಹಳೆಯದಾಗಿತ್ತು. ಇನ್ನು ಮುಂದೆ ಅದಕ್ಕೆ ಸುರಕ್ಷತೆಯ ತಿದ್ದುಪಡಿ ಬರುವುದಿಲ್ಲ ಎಂದು ಗೊತ್ತಾದಾಗ, ಮೇಷ್ಟ್ರ ಬರಹಕ್ಕೆ ಅಪಾಯ ಬೇಡ ಎಂದು ಹೊಸದು ಹಾಕಲು ಹೊರಟಳು. ಇದ್ದುದರಲ್ಲೇ ಹೊಸದನ್ನು, ಎಲ್ಲರೂ ಹೊಗಳುತ್ತಿದ್ದುದನ್ನು ಆರಿಸಿದಳು. ಕೆಲಸ ಬಲ್ಲವಳು ನೋಡು, ಮೊದಲು ಹಳೆಯದನ್ನು ಇದ್ದ ಹಾಗೇ ಬೇರೆ ಡಿಸ್ಕಿಗೆ ಪ್ರತಿ ಮಾಡಿಟ್ಟಳು. ಹೊಸದು ಕುಳಿತಿತು. ಅವಳೇ ಗುಪ್ತಪದ ಹೊಡೆದು ತೆರೆದು ಮೇಷ್ಟ್ರ ಕೈಗೆ ಕೊಟ್ಟಳು. ಒಳಗೆ ದನಿ ಬಂತು, ಪುಸ್ತಕ ತೆರೆಯಿತು. ಮನೆಯವರೆಲ್ಲ ಬಂದು ನೋಡಿ, ಬಣ್ಣ ಎಷ್ಟು ಚೆಂದ, ಅಕ್ಷರ ಎಷ್ಟು ಚೆಂದ ಎಂದರು. ಅವಳು ಖುಷಿಯಾಗಿ ಮನೆಗೆ ಹೋದಳು.

ಎಂಟು ದಿನ ಫೋನ್ ಬರಲಿಲ್ಲ. ಎಲ್ಲ ಸರಿಯಾಗಿದೆ ಎಂದೇ ಅವಳು ತಿಳಿದಿದ್ದಳು. ಒಂಬತ್ತನೆಯ ದಿನ ಆ ಬೀದಿಯಲ್ಲಿ ಹೋಗುವಾಗ ಸುಮ್ಮನೆ ಒಳಗೆ ಬಂದಳು. ಮೇಷ್ಟ್ರು ಕಂಪ್ಯೂಟರ್ ಮುಂದೆ ಕೈ ಕಟ್ಟಿ ಕೂತಿದ್ದರು. ಪುಸ್ತಕ ಒಂದು ಸಾಲೂ ಮುಂದೆ ಹೋಗಿರಲಿಲ್ಲ.

ಆದದ್ದು ಇಷ್ಟೇ. ಹಳೆಯದರಲ್ಲಿ ಗುಪ್ತಪದ ಕೇಳುವ ಪರದೆಯಿಂದಲೇ ದನಿ ಶುರುವಾಗುತ್ತಿತ್ತು. ಹೊಸದರಲ್ಲಿ ಅಲ್ಲಿ ದನಿ ಇಲ್ಲ. ಮೊದಲು ಹೆಸರು ಆರಿಸಬೇಕು, ಆಮೇಲೆ ಗುಪ್ತಪದ, ಅದನ್ನು ಹೇಳುವವರಿಲ್ಲ. ಅವಳಿಗೆ ಕಣ್ಣಿತ್ತು, ನೋಡಿ ಹೊಡೆದಿದ್ದಳು. ದನಿ ಇಲ್ಲವೆಂಬುದು ಅವಳ ಗಮನಕ್ಕೇ ಬಂದಿರಲಿಲ್ಲ. ಮನೆಯವರನ್ನು ಕರೆದಿದ್ದರೆ ತೆರೆದುಕೊಡುತ್ತಿದ್ದರು. ಮೇಷ್ಟ್ರು ಕರೆದಿರಲಿಲ್ಲ. ಹದಿನಾಲ್ಕು ವರ್ಷ ಯಾರ ಹಂಗೂ ಇಲ್ಲದೆ ತಾವೇ ತೆರೆದುಕೊಂಡ ಕಂಪ್ಯೂಟರ್ ಅದು.

ಅವಳು ಕೇಳಿದಳು, "ಒಂದು ಫೋನ್ ಮಾಡಬಾರದಿತ್ತೇ ಸರ್?"

"ಎಲ್ಲರೂ ಬಹಳ ಚೆನ್ನಾಗಿದೆ ಅಂದರಲ್ಲಾ ತಾಯಿ" ಎಂದರು ಮೇಷ್ಟ್ರು. "ನನಗೇ ಬರುತ್ತಿಲ್ಲ, ವಯಸ್ಸಾಯಿತು ಅಂದುಕೊಂಡೆ."

ಅವಳಿಗೆ ಅಳು ಬಂತು. ಬರಬೇಕಾದ್ದೇ. ತಪ್ಪು ಅವಳದು, ನಾಚಿಕೆಪಟ್ಟವರು ಮೇಷ್ಟ್ರು.

ಇನ್ನೊಬ್ಬರಾಗಿದ್ದರೆ ಏನು ಮಾಡುತ್ತಿದ್ದರು? ಅಲ್ಲೇ ಕೂತು ಆ ಒಂದು ಪರದೆಗೆ ದನಿ ಹಚ್ಚಿಕೊಟ್ಟು, ಆಯಿತು ಬಿಡಿ ಸರ್ ಎಂದು ಎದ್ದು ಬರುತ್ತಿದ್ದರು. ನೀನೂ ಹಾಗೇ ಮಾಡುತ್ತಿದ್ದೆ, ಇಲ್ಲವೆನ್ನಬೇಡ. ಅವಳು ಹಾಗೆ ಮಾಡಲಿಲ್ಲ. ಕಣ್ಣಿಗೆ ಬೀಳದ್ದು ಇದೊಂದೇ ಎಂದು ಏನು ಗ್ಯಾರಂಟಿ ಎಂಬ ಭಯ ಅವಳಿಗೆ ಹುಟ್ಟಿತ್ತು. ಪ್ರತಿ ಮಾಡಿಟ್ಟಿದ್ದ ಹಳೆಯದನ್ನೇ ಅವತ್ತೇ ವಾಪಸು ಹಾಕಿದಳು. ಹೊರಗಿನ ಅಪಾಯ ಒಳಗೆ ಬರದ ಹಾಗೆ ಇಂಟರ್ನೆಟ್ಟಿನ ತಂತಿ ತೆಗೆದಿಟ್ಟು, ಪುಸ್ತಕ ಮುಗಿಯುವ ತನಕ ಇದರಲ್ಲೇ ಬರೆಯಿರಿ ಎಂದಳು. ಪರಿಚಿತ ದನಿ ಬಂದ ಕೂಡಲೇ ಮೇಷ್ಟ್ರ ಮುಖ ಅರಳಿತು. ಹಗಲೆಲ್ಲ ಕೂತು ಬರೆದರು. ಯುಗಾದಿಗೆ ಎರಡು ದಿನ ಮೊದಲೇ ಪುಸ್ತಕ ಮುದ್ರಣಕ್ಕೆ ಹೋಯಿತು. ಶಾಲೆ ಶುರುವಾದಾಗ ಮಕ್ಕಳ ಕೈಯಲ್ಲಿ ಅದು ಇತ್ತು.

ಅಷ್ಟಕ್ಕೇ ಅವಳು ಬಿಡಲಿಲ್ಲ. ಮನೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇಟ್ಟುಕೊಂಡು ಅದರ ಪರದೆಯ ತಂತಿಯನ್ನೇ ಕಿತ್ತಿಟ್ಟಳು. ಆಮೇಲೆ ಒಂದೊಂದೇ ಲಿನಕ್ಸ್ ಹಾಕುವುದು, ಗುಂಡಿ ಒತ್ತುವುದು, ಕಿವಿಗೊಟ್ಟು ಕೂರುವುದು. ಶುರುವಾದಲ್ಲಿಂದ ಒಂದು ಕಾಗದ ಬರೆದು, ಕಳಿಸಿ, ಕಂಪ್ಯೂಟರ್ ಮುಚ್ಚುವ ತನಕ ಎಲ್ಲವೂ ಕಿವಿಯಲ್ಲೇ ಆಗಬೇಕು. ಎಲ್ಲಿಯಾದರೂ ದನಿ ನಿಂತಿತೋ, ಅದನ್ನು ತೆಗೆದು ಇನ್ನೊಂದು. ಮೊದಲ ವಾರ ಅವಳಿಗೆ ಹತ್ತು ಹೆಜ್ಜೆಯೂ ದಾಟಲು ಆಗಲಿಲ್ಲ. ಮೇಷ್ಟ್ರು ದಿನವೂ ಮಾಡುತ್ತಿದ್ದುದು ಎಷ್ಟು ದೊಡ್ಡ ಕೆಲಸ ಎಂದು ಆಗ ಅವಳಿಗೆ ಗೊತ್ತಾಯಿತು. ಸೊಸೆ ಕಪ್ಪು ಪರದೆಯ ಮುಂದೆ ಕೂತಿರುವುದನ್ನು ಕಂಡ ಅತ್ತೆ, ಕೆಟ್ಟಿದ್ದರೆ ಯಾರಿಗಾದರೂ ಹೇಳಿ ರಿಪೇರಿ ಮಾಡಿಸಬಾರದೇನೆ ಎಂದರಂತೆ.

ನಲವತ್ತು ದಿನ ಹಿಡಿಯಿತು. ಆರನ್ನು ತೆಗೆದು ಹಾಕಿದಳು. ಏಳನೆಯದು ನೋಡಲು ತೀರ ಸಾದಾ. ಯಾರೂ ಅದನ್ನು ಹೊಗಳಿದ್ದನ್ನು ನಾನು ಕೇಳಿಲ್ಲ. ಆದರೆ ಮೊದಲಿನಿಂದ ಕೊನೆಯ ತನಕ ಮಾತು ನಿಲ್ಲಿಸಲಿಲ್ಲ, ಐದು ವರ್ಷ ತಿದ್ದುಪಡಿಯೂ ಬರುವಂಥದ್ದು. ಅದನ್ನು ಹಾಕಿದ್ದ ಕಂಪ್ಯೂಟರನ್ನೇ ಒಯ್ದು ಮೇಷ್ಟ್ರ ಹಳೆಯ ಕಂಪ್ಯೂಟರಿನ ಪಕ್ಕದಲ್ಲಿ ಇಟ್ಟಳು. ಎರಡನ್ನೂ ಬಳಸಿ ನೋಡಿ, ನೀವು ಹೇಳಿದ ದಿನವೇ ಹಳೆಯದನ್ನು ತೆಗೆಯುತ್ತೇನೆ ಎಂದಳು. ಮೇಷ್ಟ್ರು ಒಂದು ತಿಂಗಳು ಹೇಳಲಿಲ್ಲ. ಅವಳೂ ಕೇಳಲಿಲ್ಲ. ಆಮೇಲೆ ಒಂದು ದಿನ ಅವರೇ ಫೋನ್ ಮಾಡಿ, ಹಳೆಯದರ ಮೇಲೆ ಧೂಳು ಕೂತಿದೆ, ಬಂದು ತೆಗೆದುಕೊಂಡು ಹೋಗು ತಾಯಿ ಎಂದರು.

ಈಗಲೂ ಹೊಸ ಆವೃತ್ತಿ ಬರುತ್ತದೆ. ಬಂದ ದಿನವೇ ಅವಳು ಹಾಕುವುದಿಲ್ಲ, ಬೇಡವೆಂದೂ ಕೂರುವುದಿಲ್ಲ. ತನ್ನ ಮನೆಯಲ್ಲಿ ಪರದೆಯ ತಂತಿ ಕಿತ್ತು ಕೂರುತ್ತಾಳೆ. ಕೆಲಸ ಬಲ್ಲವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ ಪಾಲಾಕ್ಷ. ಇಷ್ಟು ಬಲ್ಲವಳಾಗಿದ್ದೂ ಮತ್ತೆ ಅ ಆ ಇ ಈಯಿಂದ ಶುರು ಮಾಡಿದವಳು ಅವಳೊಬ್ಬಳೇ. ನನಗಿಂತ ಚಿಕ್ಕವಳು, ಆದರೂ ಎದುರಿಗೆ ಸಿಕ್ಕರೆ ನನ್ನ ಕೈ ತಾನಾಗಿ ಮುಗಿಯುತ್ತದೆ.

ಕತೆ ಮುಗಿಯಿತು. ಪಾಲಾಕ್ಷ ಪೆನ್ನು ತೆಗೆದು, ಪಟ್ಟಿಯ ಕೊನೆಯ ಹಾಳೆ ತಿರುವಿ, "ಗುರುಗಳೇ, ಆ ಏಳನೆಯದರ ಹೆಸರೇನು?" ಎಂದು ಕೇಳಿದ.

"ಹೇಳುತ್ತೇನೆ, ಮೊದಲು ಆ ಗ್ರಂಥಾಲಯದ ಕಂಪ್ಯೂಟರಿನ ಮುಂದೆ ದಿನಾ ಕೂರುವವರ ಹೆಸರು ಹೇಳು" ಎಂದರು ಹಾಲಪ್ಪನವರು.

ಪಾಲಾಕ್ಷ ಪಟ್ಟಿಯನ್ನು ಅಲ್ಲೇ ಬಿಟ್ಟು, ನಾಲ್ಕನೆಯ ಸಲ ಗ್ರಂಥಾಲಯಕ್ಕೆ ಹೊರಟ.