ಬಾವಿಕಟ್ಟೆಯ ಕಲ್ಲುಗಳೂ ಹಾರೆಯೂ

ಪೇಟೆಯ ಬಾವಿಗೆ ಕಟ್ಟೆ ಕಟ್ಟುವಾಗ ಬಸದಿ, ಗುಡಿ, ದರ್ಗಾ ಮೂರೂ ತಮ್ಮಲ್ಲಿ ಉಳಿದ ಕಲ್ಲು ಕೊಟ್ಟಿದ್ದವು. ಎಷ್ಟೋ ಕಾಲದ ಮೇಲೆ ಒಂದು ಹಾರೆ ಬಂದು, “ಯಾರು ಎಲ್ಲಿಯವರು ಹೇಳಿರಿ. ಕಿತ್ತು ನಿಮ್ಮ ನಿಮ್ಮ ಮನೆಗೆ ಮುಟ್ಟಿಸುತ್ತೇನೆ” ಎಂದಿತು.

“ನಾನು ಬಸದಿಯ ಕಲ್ಲು, ಎಲ್ಲರಿಗಿಂತ ಹಿರಿಯ.”

“ನನ್ನ ಮೈಮೇಲೆ ನಂದಿಯಿದೆ, ನಾನು ಗುಡಿಯ ಕಲ್ಲು.”

“ನಾನು ದರ್ಗಾದ ಕಲ್ಲು, ಇವರ ಪಕ್ಕ ಇನ್ನಿರಲಾರೆ.”

ಹಾರೆ ಮೂರನ್ನೂ ಮೀಟಿತು. ಗಾರೆ ಉದುರಿ ನೀರಿಗೆ ಬಿತ್ತು. ಆಮೇಲೆ ಹಾರೆ ಬಾವಿಯ ಬಾಯಂಚಿನ ಕಲ್ಲನ್ನು, “ನಿನ್ನದು ಯಾವ ಮನೆ?” ಎಂದು ಗದರಿತು.

“ನನ್ನ ಮೇಲೂ ಏನೋ ಕೆತ್ತಿದ್ದರು. ನೀರು ಸೇದುವ ಹಗ್ಗ ಉಜ್ಜಿ ಉಜ್ಜಿ ಅದು ಸವೆದುಹೋಯಿತು. ಆ ಹಗ್ಗ ಯಾವ ಮನೆಯದೋ ಹೇಳು, ಅಲ್ಲಿಗೇ ಹೋಗುತ್ತೇನೆ.”

ಹಾರೆ ಸಿಟ್ಟಿನಿಂದ ಅದರ ಸಂದಿಗೆ ಮೂತಿ ತುರುಕಿತು. ಅದೇ ಹೊತ್ತಿಗೆ ಯಾರೋ ತುಂಬಿದ ಕೊಡ ಸೇದತೊಡಗಿದರು. ಹಗ್ಗ ಬಿಗಿದು ಅಂಚಿನ ಕಲ್ಲು ಜಾರಿತು. ಸಡಿಲವಾಗಿದ್ದ ಮೂರೂ ಕಲ್ಲುಗಳು ತಟ್ಟನೆ ಅದಕ್ಕೆ ಹೆಗಲು ಕೊಟ್ಟವು. ಕೊಡ ಮೇಲೆ ಬಂತು. ಹಾರೆಯ ಮೂತಿ ಸಂದಿಯಲ್ಲಿ ಸಿಕ್ಕಿಬಿತ್ತು.

“ಬಿಡಿ! ನಾನು ಹೋಗಬೇಕು!”

“ಹೋಗುವೆಯಂತೆ,” ಎಂದವು ಕಲ್ಲುಗಳು. “ಮೊದಲು ಹೇಳು, ನಿನ್ನದು ಯಾವ ಮನೆ?”