ಹಳದಿ ಗೆರೆಯ ಕಾವಲಿಗೆ ನಿಂತ ಚಿಕ್ಕೀರ

ಹೊಂಬಾಳಮ್ಮನಿಗೆ ಒಬ್ಬನೇ ಮಗ. ಹೆಸರು ಚಿಕ್ಕೀರ. ಆಳು ಬಾಗಿಲು ತುಂಬ, ತೋಳು ಒನಕೆ, ತಲೆಯೊಳಗೆ ಮಾತ್ರ ಬರೀ ಗಾಳಿ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. "ಹಾಲು ಉಕ್ಕುತ್ತಾ ನೋಡ್ತಿರೋ" ಅಂದರೆ, ಉಕ್ಕಿ ನೆಲಕ್ಕಿಳಿದು ಹೊಸಿಲು ದಾಟುವ ತನಕ ನೋಡುತ್ತಲೇ ಕೂರುವವನು.

"ನಾನು ಕಣ್ಣು ಮುಚ್ಚೋದರೊಳಗೆ ನೀನೊಂದು ಕೆಲಸದಲ್ಲಿ ನಿಂತ್ಕೋಬೇಕು ಕಣೋ" ಅನ್ನುತ್ತಿದ್ದಳು ಹೊಂಬಾಳಮ್ಮ.

"ಯಾವತ್ತು ಮುಚ್ತೀಯವ್ವ?" ಅನ್ನುತ್ತಿದ್ದ ಚಿಕ್ಕೀರ.

ಅವಳು ಕಸ ಗುಡಿಸುತ್ತಿದ್ದ ಕಟ್ಟಡವೂ ಮಗನಷ್ಟೇ ವಿಚಿತ್ರ. ಎರಡು ರಾಜ್ಯಗಳ ಗಡಿಯ ಮೇಲೆ ಕಾಲು ಅಗಲಿಸಿ ನಿಂತ ಎತ್ತರದ ಅಪಾರ್ಟ್‌ಮೆಂಟು. ಮೂಡಣ ವಿಂಗು ಒಂದು ರಾಜ್ಯ, ಪಡುವಣ ವಿಂಗು ಇನ್ನೊಂದು. ಮಹಡಿ ಮಹಡಿಯಲ್ಲೂ ನಡುವೆ ಹಳದಿ ಗೆರೆ, ಗೆರೆಯ ಮೇಲೆ ಕಬ್ಬಿಣದ ಗೇಟು. ಮೂಡಣದ ಕಾನೂನು ಹೇಳುತ್ತಿತ್ತು: ಬೆಂಕಿ ಬಿದ್ದರೆ ಎಲ್ಲರೂ ಇಳಿದು ಓಡಿ, ಅದಕ್ಕೆ ಎರಡು ಮೆಟ್ಟಿಲಿರಲಿ. ಪಡುವಣದ ಕಾನೂನು ಹೇಳುತ್ತಿತ್ತು: ಒಬ್ಬರೂ ಇಳಿಯಬೇಡಿ, ಬಾಗಿಲು ಹಾಕಿಕೊಂಡು ಒಳಗಿರಿ, ಬಾಗಿಲು ದಪ್ಪ ಇರಲಿ, ಮೆಟ್ಟಿಲು ಒಂದೇ ಸಾಕು. ಕಟ್ಟಿಸಿದವನು ಜಾಣ. ಎರಡೂ ಕಡೆಗೆ ಒಂದೊಂದೇ ಮೆಟ್ಟಿಲು ಕಟ್ಟಿದ. ಮೂಡಣದ ಅಧಿಕಾರಿ ಬಂದು "ಎರಡನೇದು ಎಲ್ರೀ?" ಅಂದಾಗ ಗೇಟಿನಾಚೆ ಬೆರಳು ತೋರಿಸಿದ. ಅಧಿಕಾರಿ ತಲೆಯಾಡಿಸಿ ಹೋದರು. ಗೇಟಿಗೆ ಬೀಗ ಬಿದ್ದದ್ದು ಅವರು ಹೋದ ಮೇಲೆ.

ಅಂಥಾ ಕಟ್ಟಡಕ್ಕೆ ಕಾವಲುಗಾರ ಬೇಕಾಗಿತ್ತು. ಆ ಸಂಬಳಕ್ಕೆ ಬುದ್ಧಿ ಇರುವವರು ಯಾರೂ ಬರಲಿಲ್ಲ. ಹೊಂಬಾಳಮ್ಮ ಮ್ಯಾನೇಜರ ಕಾಲು ಹಿಡಿದಳು, ಚಿಕ್ಕೀರ ಸೇರಿಕೊಂಡ.

ಮೂಡಣದ ಮ್ಯಾನೇಜರ್ ಪರಮಶಿವಯ್ಯ ಅವನನ್ನು ನಿಲ್ಲಿಸಿಕೊಂಡು ಹೇಳಿದರು: "ನೋಡಯ್ಯಾ, ಗಂಟೆ ಹೊಡೀತು ಅಂದ್ರೆ ಎಲ್ಲರನ್ನೂ ಕೆಳಗಿಳಿಸಬೇಕು. ಯಾರು ಏನಂದ್ರೂ ಬಿಡಬೇಡ."

"ಆಗಲಿ ಸಾಮಿ!"

ಮಾರನೇ ದಿನವೇ ಒಂದು ಮನೆಯಲ್ಲಿ ಗೃಹಪ್ರವೇಶ. ಪುರೋಹಿತರು ಮಂಗಳಾರತಿಗೆ ಕೈಗಂಟೆ ಎತ್ತಿ ಅಲ್ಲಾಡಿಸಿದರು. ಹೊಡೀತು ಗಂಟೆ! ಓಡಿ ಬಂದ ಚಿಕ್ಕೀರ. "ಇಳೀರಿ! ಇಳೀರಿ!" ಯಜಮಾನನನ್ನು ಹಿಡಿದು ಎಳೆದ, ಅಡಿಗೆಯವರನ್ನು ತಳ್ಳಿದ, ಪುರೋಹಿತರನ್ನು ಆರತಿ ತಟ್ಟೆಯ ಸಮೇತ ಹೆಗಲ ಮೇಲೆ ಹಾಕಿಕೊಂಡ. ಗದ್ದಲದಲ್ಲಿ ಯಜಮಾನನ ಸೋದರತ್ತೆ ಮೆಟ್ಟಿಲ ಮೇಲೆ ಜಾರಿ ಸೊಂಟ ಮುರಿದುಕೊಂಡಳು.

"ಲೋ ಪಾಪಿ!" ಹೊಂಬಾಳಮ್ಮ ಹಣೆ ಚಚ್ಚಿಕೊಂಡಳು. "ಪೂಜೆ ಗಂಟೆಗೆಲ್ಲ ಜನ ಇಳಿಸ್ತಾರೇನೋ? ಹೊಗೆ ಕಂಡ್ರೆ ಇಳಿಸು! ಹೊಗೆ!"

"ಹೊಗೆ ಕಂಡ್ರೆ ಇಳಿಸಬೇಕು. ಆಗಲಿ ಅವ್ವ."

ಪರಮಶಿವಯ್ಯ ಅವನನ್ನು ಪಡುವಣಕ್ಕೆ ದಾಟಿಸಿ ಕೈ ತೊಳೆದುಕೊಂಡರು. ಅಲ್ಲಿ ಲಕ್ವ ಹೊಡೆದು ಮಲಗಿದ್ದ ಮುದುಕರೊಬ್ಬರು. ಸಾಯಂಕಾಲ ಹೆಂಡತಿ ಅವರ ಮಂಚದ ಸುತ್ತ ಸಾಂಬ್ರಾಣಿ ಹಾಕಿದರು. ಕಿಟಕಿಯಲ್ಲಿ ಹೊಗೆ! ನುಗ್ಗಿದ ಚಿಕ್ಕೀರ. ಮುದುಕರನ್ನು ಹಾಸಿಗೆಯ ಸಮೇತ ಸುರುಳಿ ಸುತ್ತಿ, ತಲೆಯ ಮೇಲಿಟ್ಟುಕೊಂಡು ಇಳಿದೇ ಇಳಿದ. ಇಳಿಸಿ, ಮಂಜು ಬೀಳುವ ಅಂಗಳದಲ್ಲಿ ಬಿಚ್ಚಿ ಮಲಗಿಸಿದ. ಮುದುಕರಿಗೆ ಕಫ ಕಟ್ಟಿತು. ಆಸ್ಪತ್ರೆಯಿಂದ ಬಂದ ಮೇಲೂ ಅವರ ಉಸಿರು ಗೊರಗೊರ ಅನ್ನುವುದು ನಿಲ್ಲಲಿಲ್ಲ.

ಪಡುವಣದ ಮ್ಯಾನೇಜರ್ ಫಿಲಿಪ್ಪು ಹಾರಾಡಿದರು: "ಯಾವ ಊರಿನ ಪೆದ್ದನಯ್ಯಾ ನೀನು? ಇದು ಪಡುವಣ! ಇಲ್ಲಿ ಹೊಗೆ ಬಂದ್ರೆ ಜನಾನ ಒಳಗಿಟ್ಟು ಬಾಗಿಲು ಹಾಕಬೇಕು!"

"ಕೇಳಿಸ್ತೇನೋ?" ಅಂದಳು ಹೊಂಬಾಳಮ್ಮ. "ಹೊಗೆ ಬಂದ್ರೆ ಒಳಗಿಟ್ಟು ಬಾಗಿಲು ಹಾಕು!"

"ಒಳಗಿಟ್ಟು ಬಾಗಿಲು ಹಾಕಬೇಕು. ಆಗಲಿ ಅವ್ವ."

ಫಿಲಿಪ್ಪು ಅವನನ್ನು ವಾಪಸು ಮೂಡಣಕ್ಕೆ ಕಳಿಸಿದರು. ಅಲ್ಲಿ ಒಬ್ಬಾಕೆಯ ಬಾಣಲೆಯ ಎಣ್ಣೆ ಹತ್ತಿಕೊಂಡಿತು. ಪಾಪ, ಧೈರ್ಯಗಾತಿ, ಉರಿಯುವ ಬಾಣಲೆಯನ್ನು ಇಕ್ಕಳದಲ್ಲಿ ಹಿಡಿದುಕೊಂಡೇ ಹೊರಗೆ ಓಡಿ ಬಂದಳು. ಚಿಕ್ಕೀರ ಅವಳನ್ನು ಬಾಣಲೆ ಸಮೇತ ಒಳಕ್ಕೆ ನೂಕಿ, ಹೊರಗಿನಿಂದ ಚಿಲಕ ಹಾಕಿ, ಬೆನ್ನು ಕೊಟ್ಟು ನಿಂತ. "ಒಳಗಿರಬೇಕಮ್ಮಾ! ಒಳಗಿರಬೇಕು!" ನೆರೆಯವರು ಅವನನ್ನು ಎಳೆದು ಹಾಕುವಷ್ಟರಲ್ಲಿ ಅವಳ ಎರಡೂ ಕೈ ಬೆಂದಿದ್ದವು.

ಈ ಸಲ ಹೊಂಬಾಳಮ್ಮ ಮಗನನ್ನು ಬೈಯಲಿಲ್ಲ. ಸೀದಾ ಇಬ್ಬರು ಮ್ಯಾನೇಜರುಗಳ ಮುಂದೆ ಹೋಗಿ ನಿಂತಳು. "ಒಂದೇ ಗೋಡೆ, ಒಂದೇ ಸೂರು. ಗೆರೆಯ ಈ ಕಡೆ ಓಡು, ಆ ಕಡೆ ಕೂತ್ಕೋ ಅಂದ್ರೆ ಹೆಂಗೆ ಸಾಮಿ? ಬೆಂಕಿಗೆ ಗೆರೆ ಗೊತ್ತಾಗ್ತದಾ?"

"ಅದು ಸರ್ಕಾರದ ವಿಷಯ ಕಣಮ್ಮ" ಅಂದರು ಪರಮಶಿವಯ್ಯ.

"ಎರಡು ಸರ್ಕಾರದ್ದು" ಅಂದರು ಫಿಲಿಪ್ಪು. "ನಿನ್ನ ಮಗ ಇನ್ನೊಂದು ಸಲ ಹೀಗೆ ಮಾಡಿದ್ರೆ ಇಬ್ಬರೂ ಮನೆಗೆ."

ಹೊಂಬಾಳಮ್ಮ ಮಗನ ಗಲ್ಲ ಹಿಡಿದುಕೊಂಡಳು. "ಚಿಕ್ಕೀರಾ, ನನ್ನಪ್ಪಾ, ನೀನು ಏನೂ ಮಾಡಬೇಡ. ಕೀಲಿ ಗೊಂಚಲು ಇಟ್ಕೊಂಡು ಏಳನೇ ಮಹಡಿ ಗೇಟಿನ ಹತ್ರ ನಿಂತ್ಕೋ. ಏನೇ ಆಗಲಿ, ಟೋಪಿ ಹಾಕಿದ ಸಾಹೇಬರು ಬಂದು ಹೇಳೋ ತನಕ ಕೈ ಅಲ್ಲಾಡಿಸಬೇಡ. ಅವರು ಹೇಳಿದ ಹಾಗೆ ಮಾಡು."

"ಟೋಪಿ ಹೇಳಿದ ಹಾಗೆ. ಆಗಲಿ ಅವ್ವ!"

ನಿಂತ. ದಿನಾ ನಿಂತ. ನೊಣ ಮೂಗಿನ ಮೇಲೆ ಕೂತರೂ ಓಡಿಸದೆ ನಿಂತ. ಅಂತೂ ಮಗ ಒಂದು ಕೆಲಸದಲ್ಲಿ ನಿಂತನಲ್ಲ ಅಂತ ಹೊಂಬಾಳಮ್ಮನಿಗೆ ನೆಮ್ಮದಿಯ ನಿದ್ದೆ ಬಂತು.

ಒಂದು ಮಧ್ಯಾಹ್ನ ಮೂಡಣದ ಕೆಳಮಹಡಿಯ ಕರೆಂಟು ಪೆಟ್ಟಿಗೆ ಢಂ ಅಂತು. ಹೊಗೆ ಅಲ್ಲಿದ್ದ ಒಂದೇ ಮೆಟ್ಟಿಲನ್ನು ಹಿಡಿದು, ಕೊಳವೆಯಲ್ಲಿ ಏರಿದ ಹಾಗೆ ಏರಿತು. ಹೊಂಬಾಳಮ್ಮ ಏಳನೇ ಮಹಡಿಯಲ್ಲಿ ನೆಲ ಒರೆಸುತ್ತಿದ್ದಳು. ಜನ ಕಾನೂನಿನ ಪ್ರಕಾರ ಇಳಿಯಲು ಓಡಿದರು, ಕೆಮ್ಮುತ್ತಾ ವಾಪಸು ಬಂದರು, ಗೇಟಿಗೆ ಬಂದು ಬಿದ್ದರು. ಗೇಟಿನಾಚೆ ಪಡುವಣದಲ್ಲಿ ಚಿಕ್ಕೀರ, ಕೈಯಲ್ಲಿ ಕೀಲಿ.

"ತೆಗಿಯೋ!"

"ಟೋಪಿ ಬಂದಿಲ್ಲವ್ವ."

"ಲೋ, ನಾನು ನಿನ್ನ ಹೆತ್ತವಳು ಕಣೋ! ನಾನೇ ಹೇಳ್ತಿದೀನಿ!"

"ಅವತ್ತು ಹೇಳಿದ್ದೂ ನೀನೇ ಅಲ್ವಾ? ಟೋಪಿ ಹೇಳೋ ತನಕ ಕೈ ಅಲ್ಲಾಡಿಸಬೇಡ ಅಂತ."

ಜನ ಬೈದರು, ಕೈ ಮುಗಿದರು, ಸರಳು ಅಲ್ಲಾಡಿಸಿದರು. ಚಿಕ್ಕೀರ ಕೈ ಅಲ್ಲಾಡಿಸಲಿಲ್ಲ. ಫಿಲಿಪ್ಪು ಕೆಳಗೆ ಫೋನಿನಲ್ಲಿ ಪರಮಶಿವಯ್ಯನವರ ಮೇಲೆ ಕೂಗುತ್ತಿದ್ದರು: "ಬೆಂಕಿ ನಿಮ್ಮ ಕಡೇದು ರೀ! ನಿಮ್ಮ ಜನ ನಮ್ಮ ಮೆಟ್ಟಿಲಿಗೆ ಬಂದ್ರೆ ನಮ್ಮ ಕಾನೂನು ಏನಾಗಬೇಕು?"

ಹೊಂಬಾಳಮ್ಮ ಸುತ್ತ ನೋಡಿದಳು. ನೆಲ ಒರೆಸುವ ಬಕೆಟ್ಟು ಕಂಡಿತು. ನೀರು ಚೆಲ್ಲಿ, ಬೋರಲು ಹಾಕಿ ತಲೆಗೇರಿಸಿಕೊಂಡಳು. "ನೋಡೋ! ಟೋಪಿ! ಸಾಹೇಬರು ಬಂದಿದಾರೆ! ತೆಗಿ!"

ಚಿಕ್ಕೀರ ಬಕೆಟ್ಟನ್ನು ನೋಡಿದ. ಸೆಟೆದು ನಿಂತು ಸಲಾಮು ಹೊಡೆದ. "ಆಗಲಿ ಸಾಮಿ!" ಗೇಟು ತೆರೆಯಿತು.

ಜನ ಒಬ್ಬರ ಮೇಲೊಬ್ಬರು ಬಿದ್ದುಕೊಂಡು ಪಡುವಣದ ಮೆಟ್ಟಿಲಿಳಿದರು. ಒಬ್ಬ ಗಂಡಸು ಮಾತ್ರ ವಾಪಸು ನುಗ್ಗಲು ನೋಡಿದ. "ನನ್ನ ಹೆಂಡತಿ, ಕೂಸು, ಕಡೇ ಮನೇಲಿದಾರೆ! ಬಿಡಿ!" ಅವನ ಕಣ್ಣು ಆಗಲೇ ಮುಚ್ಚಿಹೋಗುತ್ತಿತ್ತು, ಕಾಲು ನಿಲ್ಲುತ್ತಿರಲಿಲ್ಲ. ಕಾರಿಡಾರಿನ ಕೊನೆಯಿಂದ ತಟ್ಟೆ ಬಡಿಯುವ ಸದ್ದು ಬರುತ್ತಿತ್ತು: ನಾನಿದ್ದೇನೆ, ನಾನಿದ್ದೇನೆ. ಹೊಂಬಾಳಮ್ಮ ಅವನನ್ನು ಮೆಟ್ಟಿಲ ಕಡೆ ತಳ್ಳಿದಳು. "ನೀನು ಹೋದ್ರೆ ಸಾಯ್ತೀಯಪ್ಪಾ! ಬೆಂಕಿಯವರು ಬರ್ತಾರೆ, ಅವರು ತರ್ತಾರೆ." ಮಗನಿಗೆ ಕೂಗಿದಳು: "ಇನ್ನು ಒಬ್ಬರನ್ನೂ ಆ ಕಡೆ ಬಿಡಬೇಡ!"

ಅದೇ ಅವಳ ಕಡೆಯ ಮಾತು. ಹೊಗೆ ಗಂಟಲು ಕಟ್ಟಿತ್ತು. ಬಕೆಟ್ಟು ತಲೆಯ ಮೇಲಿದ್ದ ಹಾಗೇ ಗೇಟು ದಾಟಿ, ಪಡುವಣದ ಗೋಡೆಗೆ ಒರಗಿ ಕುಸಿದಳು.

ಚಿಕ್ಕೀರ ಗೇಟು ಎಳೆದು ಬೀಗ ಹಾಕಿದ. ಕೀಲಿ ಗೊಂಚಲನ್ನು ಕಿಟಕಿಯಿಂದ ಆಚೆಗೆಸೆದ. ಕೀಲಿ ಇದ್ದರೆ ತಾನೇ ಯಾರಾದರೂ ಕೇಳುವುದು?

ಬೆಂಕಿಯವರು ಏದುಸಿರು ಬಿಡುತ್ತಾ ಪಡುವಣದ ಮೆಟ್ಟಿಲೇರಿ ಬಂದರು. "ಪಕ್ಕಕ್ಕೆ ಸರಿಯಯ್ಯಾ! ಗೇಟು ತೆಗಿ!"

"ಬಿಡೋ ಹಾಗಿಲ್ಲ ಸಾಮಿ. ಸಾಹೇಬರ ಅಪ್ಪಣೆ."

"ನಾವೇ ಸಾಹೇಬರು ಕಣೋ! ಟೋಪಿ ಕಾಣಲ್ವಾ?"

ಚಿಕ್ಕೀರ ಅವರ ಟೋಪಿ ನೋಡಿದ. ಅವ್ವನ ಬಕೆಟ್ಟು ನೋಡಿದ. "ನಮ್ಮ ಸಾಹೇಬರದ್ದೇ ದೊಡ್ಡದು" ಅಂದ. ಸರಳುಗಳ ನಡುವೆ ತೋಳು ಹೆಣೆದು ನಿಂತ.

ಹೊಂಬಾಳಮ್ಮ ಬಾಯಿ ತೆರೆದಳು. ಮುಚ್ಚಿದಳು. ದನಿ ಇಲ್ಲ. ತಟ್ಟೆ ಬಡಿಯುತ್ತಲೇ ಇತ್ತು. ಕೈ ಬೀಸಿದಳು, ಚಿಕ್ಕೀರ ಅವಳಿಗೆ ಇನ್ನೊಂದು ಸಲಾಮು ಹೊಡೆದ. ಅವಳು ಬಕೆಟ್ಟನ್ನು ಕಿತ್ತು ಅವನ ಮುಖಕ್ಕೇ ಎಸೆದಳು. ಅವನು ಅದನ್ನು ಹಿಡಿದು, ಒರೆಸಿ, ಜೋಪಾನವಾಗಿ ಮತ್ತೆ ಅವಳ ತಲೆಗಿಟ್ಟು ಬಂದು ನಿಂತ.

ಅವನನ್ನು ನಾಲ್ಕು ಜನ ಕಿತ್ತುಹಾಕಬೇಕಾಯಿತು. ಬೀಗ ಕತ್ತರಿಸಬೇಕಾಯಿತು. ಕತ್ತರಿಸುತ್ತಿರುವಾಗಲೇ ತಟ್ಟೆಯ ಸದ್ದು ನಿಧಾನವಾಯಿತು. ಆಮೇಲೆ ನಿಂತಿತು.

ಚಿಕ್ಕೀರ ಅವ್ವನ ಪಕ್ಕದಲ್ಲಿ ಕೂತು, ಬಕೆಟ್ಟಿನಂಚು ಎತ್ತಿ ಇಣುಕಿದ. ಅವನ ಮುಖ ತುಂಬ ನಗು.

"ನೋಡಿದ್ಯಾ ಅವ್ವ? ನೀನು ಹೇಳಿದ ಹಾಗೇ ನಿಂತೆ. ಒಬ್ಬರನ್ನೂ ಬಿಡಲಿಲ್ಲ."